ಬದು ದಾಟಿದ ಚರಗ

ಬಸ್ಸಿನಲ್ಲಿ ನಮ್ಮ ಪಕ್ಕಕ್ಕೆ ಬಂದು ಕೂರುವ ಅಪರಿಚಿತರ ಮೊಣಕಾಲನ್ನು ನೀವು ಎಂದಾದರೂ ಲಕ್ಷ್ಯಗೊಟ್ಟು ಗಮನಿಸಿದ್ದೀರಾ? ಗಮನಿಸಿರಲಿಕ್ಕಿಲ್ಲ; ಅದು ಗಮನಿಸುವ ವಸ್ತುವಲ್ಲ, ಅನುಭವಿಸುವಂಥದು. ಜತ್ತದಿಂದ ಸಂಖದ ಕಡೆಗೆ ಹೊರಡುವ ಮೋಟಾರು ಹತ್ತುವಾಗ ಆ ಮೊಣಕಾಲು ವಿನಯದ ಅವತಾರವೇ ಆಗಿರುತ್ತದೆ. ‘ಒಂದೀಟ ಸರೀತೀರೇನ್ರಿ?’ ಎಂದು ಅದರ ಯಜಮಾನರು ಕೇಳುತ್ತಾರೆ, ನಾವು ಸರಿಯುತ್ತೇವೆ. ಊರ ಹೊರಗಿನ ಹಳ್ಳ ದಾಟುವಾಗ ಗಾಡಿ ಒಮ್ಮೆ ಕುಲುಕಿದ್ದೇ ನೆಪವಾಗಿ ಮೊಣಕಾಲು ಒಂದಿಷ್ಟು ಈಚೆ ಬರುತ್ತದೆ. ಗಾಡಿ ಸುಧಾರಿಸಿಕೊಳ್ಳುತ್ತದೆ, ಮೊಣಕಾಲು ಮಾತ್ರ ಹಿಂದೆ ಸರಿಯುವುದಿಲ್ಲ. ಇಳಿಯುವ ಊರು ಬರುವ ಹೊತ್ತಿಗೆ ನಾವು ಒಂದೇ ತೊಡೆಯ ಆಧಾರದ ಮೇಲೆ, ತ್ರಿಶಂಕುವಿಗಿಂತ ತುಸು ಕೆಳಮಟ್ಟದಲ್ಲಿ ತೂಗಾಡುತ್ತಿರುತ್ತೇವೆ. ಎದ್ದು ಜಗಳ ತೆಗೆಯೋಣವೆಂದು ಮುಖ ನೋಡಿದರೆ, ದಿಗ್ವಿಜಯ ಮಾಡಿದ ಮಹಾನುಭಾವರು ಹಸುಗೂಸಿನಂತೆ ನಿದ್ದೆ ಹೋಗಿರುತ್ತಾರೆ.

ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ನನ್ನ ದೇಹಸಂಪತ್ತು ಜೋಳದ ದಂಟಿನಷ್ಟೇ ಆದರೂ, ಒಂದು ದಿನ ಪಕ್ಕದಲ್ಲಿ ನನಗಿಂತ ಬಡಕಲಾದ ಮುದುಕರೊಬ್ಬರು ಸಿಕ್ಕಾಗ ನನ್ನ ಮೊಣಕಾಲೂ ಅವರ ಮೆಣಸಿನಕಾಯಿ ಚೀಲದ ತನಕ ಪ್ರವಾಸ ಮಾಡಿ ಬಂದದ್ದು ನನಗೆ ಇಳಿಯುವಾಗ ಗೊತ್ತಾಯಿತು. ಯಾಕೆ ಹೋಯಿತು ಎಂದು ಅದನ್ನೇ ಕೇಳಿದೆ. ಉತ್ತರ ಬರಲಿಲ್ಲ. ಈ ‘ಯಾಕೆ’ ಎಂಬ ಪ್ರಶ್ನೆಯ ಚಟ ನನಗೆ ಹತ್ತಿದ್ದು ಇತಿಹಾಸ ಕಲಿಸುವ ಮಾಸ್ತರಿಕೆಯಿಂದ. ಆ ಚಟ ಬಿಡಿಸಿದ್ದು ಮಾತ್ರ ತಿಕೋಂಡಿಯ ಒಂದು ಜೋಳದ ಹೊಲ.

ಆಗ ಇಂಗ್ರಜರು ಹೋಗಿ ಕೆಲವೇ ವರ್ಷಗಳಾಗಿದ್ದವು. ಜತ್ತ ಸಂಸ್ಥಾನವೂ ಹೋಗಿ, ನಾವು ಮುಂಬಯಿ ರಾಜ್ಯದ ದಕ್ಷಿಣ ಸಾತಾರಾ ಜಿಲ್ಲೆಯ ಪ್ರಜೆಗಳಾಗಿದ್ದೆವು. ಮಲಗಿ ಏಳುವುದರೊಳಗೆ ಜಿಲ್ಲೆ ಬದಲಾಗಿದ್ದರೂ ಹಾಸಿಗೆ ಅದೇ ಇತ್ತು. ಆ ಸೀಮೆಯ ಒಂದು ಶಾಲೆಯಲ್ಲಿ ನಾನು ಹೊಸ ಮಾಸ್ತರ. ಪುಸ್ತಕ ಮರಾಠಿಯದು, ಮಕ್ಕಳು ಕನ್ನಡದವರು, ನಾನು ಎರಡರ ನಡುವಿನ ಬದು. ಯುರೋಪಿನವರು ಸಮುದ್ರ ದಾಟಿ ಯಾಕೆ ಬಂದರು ಎಂಬ ಪಾಠದಲ್ಲಿ ಪುಸ್ತಕ ಕಾರಣಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು: ಮೆಣಸು ಏಲಕ್ಕಿಗಳ ವ್ಯಾಪಾರ, ಬಂಗಾರದ ಆಸೆ, ಧರ್ಮಪ್ರಸಾರ, ಕೀರ್ತಿ. ಮಕ್ಕಳು ಅದನ್ನು ಮಗ್ಗಿಯಂತೆ ರಾಗವಾಗಿ ಒಪ್ಪಿಸುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, ‘ಅವರ ಊರಾಗ ಬಿಸಲ ಇಲ್ಲಂತ ನೀವ ಹೇಳಿದ್ರೆಲ್ಲರಿ. ಮೈ ಕಾಸ್ಕೊಳ್ಳಾಕ ಬಂದಿರಬೇಕರಿ’ ಎಂದಳು. ಬಿಸಿಲಿಗಾಗಿಯೇ ಬರುವುದಿದ್ದರೆ ಅವರು ನಡುವೆ ಎಲ್ಲಿಯೂ ನಿಲ್ಲದೆ ನೆಟ್ಟಗೆ ನಮ್ಮ ತಾಲೂಕಿಗೇ ಬರುತ್ತಿದ್ದರು ಎಂದು ನಾನು ನಕ್ಕು ಕೂರಿಸಿದೆ. ಆದರೆ ಪುಸ್ತಕದ ಕಾರಣಗಳ ಬಗ್ಗೆ ನನ್ನ ಮನಸ್ಸಿನಲ್ಲೂ ಒಂದು ಗುಮಾನಿ ಹುಟ್ಟಿಕೊಂಡಿತು. ಮೆಣಸು ಬೇಕಾದವನು ಮೆಣಸು ಕೊಂಡು ಮನೆಗೆ ಹೋಗಬೇಕಲ್ಲ?

ಈ ವಿಷಯದಲ್ಲಿ ಯಾವ ಗುಮಾನಿಯೂ ಇಲ್ಲದವನೆಂದರೆ ನಮ್ಮ ಶಿವಲಿಂಗ ಕಾಕಾ. ನನ್ನ ಅಪ್ಪನ ತಮ್ಮ. ತಿಕೋಂಡಿಯಲ್ಲಿ ಅವನ ಒಣಬೇಸಾಯ, ಅವನ ಮನೆಯಲ್ಲೇ ನನ್ನ ಊಟ ವಸತಿ. ಇಂಗ್ರಜರು ಹೋದ ದಿನ ಓಣಿಗೆಲ್ಲ ಸಕ್ಕರೆ ಹಂಚಿದವನು ಅವನು. ಮೆಟ್ಟಿಲ ಮೇಲೆ ಕೂತು ಅವರನ್ನು ಬೈಯುವ ಕೆಲಸವನ್ನು ಅವರು ಹೋದ ಮೇಲೂ ಬಿಟ್ಟಿರಲಿಲ್ಲ. ‘ಮಂದಿ ಮನಿಗಿ ಮೆಣಸಿನಕಾಳ ಕೇಳಾಕ ಬಂದವ್ರು ಒಲೀನ ಹೊತ್ಕೊಂಡ ಹ್ವಾದ್ರ ಏನನ್ನಬೇಕು? ಅವರ ಮನಸೇ ಹೊಲಸ’ ಎಂಬುದು ಅವನ ತೀರ್ಪು. ಅದರ ಮೇಲೆ ಅಪೀಲಿಲ್ಲ. ಒಳ್ಳೆಯವರು ಇದ್ದಲ್ಲಿ ಇರುತ್ತಾರೆ, ಕೆಟ್ಟವರು ಗಡಿ ದಾಟುತ್ತಾರೆ. ಇಷ್ಟು ಸರಳವಾದ ಇತಿಹಾಸ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಕಾಕಾನ ಹೊಲಕ್ಕೆ ಹತ್ತಿದ್ದು ಮಾಳಪ್ಪನ ಹೊಲ. ಮಾಳಪ್ಪ ಕುರಿ ಸಾಕುವ ಮನೆತನದವನು, ಕಾಕಾನಿಗಿಂತ ಚಿಕ್ಕವನು, ಮಾತು ಕಡಿಮೆ. ಎರಡೂ ಮನೆಗಳಲ್ಲಿ ಇದ್ದದ್ದು ಒಂದೊಂದೇ ಎತ್ತು. ಒಂದು ಎತ್ತಿನಿಂದ ಉಳಲಾಗುವುದಿಲ್ಲ, ಗಾಡಿ ಹೂಡಲಾಗುವುದಿಲ್ಲ. ಆದ್ದರಿಂದ ಇವರದು ಬಲಕ್ಕೆ, ಅವರದು ಎಡಕ್ಕೆ ಕಟ್ಟಿ, ಇವತ್ತು ನಿಮ್ಮ ಹೊಲ ನಾಳೆ ನಮ್ಮ ಹೊಲ ಎಂದು ಅವರ ಅಪ್ಪಂದಿರ ಕಾಲದಿಂದ ಸಂಸಾರ ಸಾಗಿತ್ತು. ಎತ್ತುಗಳು ಸತ್ತು ಬೇರೆ ಎತ್ತುಗಳು ಬಂದರೂ ಎಡಬಲ ಮಾತ್ರ ಬದಲಾಗಿರಲಿಲ್ಲ. ಕಾಕಾ ಮಾಳಪ್ಪನನ್ನು ಕರೆಯುತ್ತಿದ್ದುದು ‘ಮಾಳ್ಯಾ’ ಎಂದು. ‘ಮಾಳಪ್ಪ’ ಎಂದನೆಂದರೆ ಏನೋ ಬಿಗಡಾಯಿಸಿದೆ ಎಂದು ಓಣಿಗೆಲ್ಲ ತಿಳಿಯುತ್ತಿತ್ತು. ನಮ್ಮ ಕಡೆ ಸಿಟ್ಟು ಏರಿದಷ್ಟೂ ಮರ್ಯಾದೆಯೂ ಏರುತ್ತದೆ.

ಆ ವರ್ಷದ ಎಳ್ಳಮವಾಸ್ಯೆಗೂ ಎರಡು ಮನೆಯವರೂ ಒಂದೇ ಗಾಡಿಯಲ್ಲಿ ಹೊಲಕ್ಕೆ ಹೋದೆವು. ಜೋಳ ತೆನೆ ಕಟ್ಟುವ ಹೊತ್ತು ಅದು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಹಬ್ಬದ ಅರ್ಥ. ಹಿಂದಿನ ದಿನದಿಂದಲೇ ಕಾಕಿ ಸಜ್ಜೆಯ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಹತ್ತಾರು ಸೊಪ್ಪು ಕಾಳು ಕೂಡಿಸಿದ ಭಜ್ಜಿ ಎಂದು ಒಲೆಯ ಮುಂದೆ ಕೂತವಳು ಎದ್ದಿರಲಿಲ್ಲ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಆಮೇಲೆ ಎಲ್ಲ ಅಡುಗೆಯನ್ನೂ ಬುಟ್ಟಿಯಲ್ಲಿ ಕಲಸಿಕೊಂಡು ಹೊಲದ ಸುತ್ತ ಬೆಳೆಗೆ ಎರಚುತ್ತ ಹೋಗುವುದೇ ಚರಗ ಚೆಲ್ಲುವುದು. ಮುಂದಿನವನು ಚೆಲ್ಲುತ್ತ ‘ಹುಲ್ಲುಲ್ಲಿಗ್ಯೋ’ ಎಂದು ಕೂಗಬೇಕು, ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ ‘ಸಲಾಂಬ್ರಿಗ್ಯೋ’ ಎಂದು ಓಗೊಡಬೇಕು. ಊಟವಾದ ಮೇಲೆ ನೀರು ಬೇಡವೇ, ಭೂಮಿತಾಯಿಗಾದರೂ? ಗಿಡದ ನೆರಳು ಒಂದೇ ಆದರೂ ಬುಟ್ಟಿ ಎರಡು, ಪಂಕ್ತಿ ಎರಡು. ಅವರ ಮನೆಯ ಅಡುಗೆ ನಾವು ಉಣ್ಣುತ್ತಿರಲಿಲ್ಲವೆಂಬ ನಮ್ಮ ಜಾತಿಯ ದೊಡ್ಡಸ್ತಿಕೆಯನ್ನೂ ಇಲ್ಲಿ ಮುಚ್ಚಿಡಬಾರದು.

ಮಾಳಪ್ಪ ಕುರಿಗಳನ್ನು ತನ್ನ ಮೈದುನನ ವಶಕ್ಕೆ ಕೊಟ್ಟು ಬರುತ್ತೇನೆಂದು ಹಳ್ಳದ ಕಡೆಗೆ ಹೋಗಿದ್ದ. ಕಾಯುವ ವ್ಯವಧಾನ ಕಾಕಾನಿಗೆಲ್ಲಿಯದು? ಬುಟ್ಟಿ ಎತ್ತಿಕೊಂಡು ಹೊರಟ. ತಂಬಿಗೆ ಹಿಡಿದು ಹಿಂದೆ ನಾನು. ಬಿಳಿ ಧೋತರ, ಹೆಗಲ ಮೇಲೆ ಹೊಸ ಟವಲು, ಚಳಿಗಾಲದ ಬಿಸಿಲು, ಎದೆಮಟ್ಟ ನಿಂತ ಜೋಳ. ಕಾಕಾ ಅವತ್ತು ನಿಜಕ್ಕೂ ಭೂಪತಿಯೇ. ಅವನು ಕೂಗಿದರೆ ಬೆಳವಗಳು ಹಾರುತ್ತಿದ್ದವು, ನಾನು ಓಗೊಟ್ಟರೆ ಅವು ಮತ್ತೆ ಬಂದು ಕೂರುತ್ತಿದ್ದವು. ಮೂರು ದಿಕ್ಕು ಮುಗಿಸಿ ಹಳ್ಳದ ಕಡೆಯ ಅಂಚಿಗೆ ಬಂದೆವು. ಅಲ್ಲಿ ಎರಡು ಹೊಲಗಳ ನಡುವಿನ ಬದು ಹಿಂಗಾರಿ ಮಳೆಗೆ ಕೊಚ್ಚಿಹೋಗಿತ್ತು. ಸುಗ್ಗಿಯಾದ ಮೇಲೆ ಕಟ್ಟಿದರಾಯಿತು ಎಂದು ಇಬ್ಬರೂ ಬಿಟ್ಟಿದ್ದರು. ಆಚೆಗೆ ಮಾಳಪ್ಪ ಕುರಿಮರಿಗಳಿಗೆಂದು ಹುಲ್ಲು ಬಿಟ್ಟ ಒಂದು ಪಟ್ಟಿ ನೆಲ, ಅದರ ತುದಿಗೆ ಹಣ್ಣು ತುಂಬಿದ ಒಂದು ಬಾರೆಗಿಡ.

ಕಾಕಾ ತಿರುಗಬೇಕಾದಲ್ಲಿ ತಿರುಗಲಿಲ್ಲ. ಹುಲ್ಲಿನ ಪಟ್ಟಿಗೆ ಕಾಲಿಟ್ಟ, ಕಡಬು ಚೆಲ್ಲಿದ, ಕೂಗಿದ. ನಾನು ಕರ್ತವ್ಯನಿಷ್ಠ ಗುಮಾಸ್ತನಂತೆ ನೀರು ಚಿಮುಕಿಸಿ ‘ಸಲಾಂಬ್ರಿಗ್ಯೋ’ ಎಂದೆ. ಹೀಗೆ ಬಾರೆಗಿಡದವರೆಗೆ ಹೋಗಿ, ಅದನ್ನೊಂದು ಸುತ್ತು ಹಾಕಿ, ಕೈಗೆ ಸಿಕ್ಕಷ್ಟು ಹಣ್ಣು ಟವಲಿಗೆ ಹಾಕಿಕೊಂಡು ಬಂದೆವು. ಪೋರ್ಚುಗೀಜರು ಕಂಡ ಕಂಡ ಕಡಲ ದಂಡೆಯ ಮೇಲೆ ಕಲ್ಲುಕಂಬ ನೆಟ್ಟು ‘ಇದು ನಮ್ಮ ಅರಸನದು’ ಎಂದು ಹೇಳುತ್ತಿದ್ದರೆಂದು ಹಿಂದಿನ ವಾರವಷ್ಟೇ ಮಕ್ಕಳಿಗೆ ಹೇಳಿಕೊಟ್ಟ ಮಾಸ್ತರನಿಗೆ, ತನ್ನ ಕಾಕಾ ಕಡಬು ಎಸೆದು ಅದೇ ಕೆಲಸ ಮಾಡುತ್ತಿದ್ದಾನೆಂದು ಹೊಳೆಯಲೇ ಇಲ್ಲ. ವಿದ್ಯೆ ಪುಸ್ತಕದಲ್ಲಿತ್ತು, ಬಾಯಲ್ಲಿ ಬಾರೆಹಣ್ಣಿತ್ತು.

ಮಾಳಪ್ಪ ಹಳ್ಳದಿಂದ ಕೈಕಾಲು ತೊಳೆದುಕೊಂಡು ಬಂದವನು ಹುಲ್ಲಿನಲ್ಲಿ ಬಿದ್ದ ಕಡಬು ನೋಡಿ ನಿಂತ.

‘ಅಣ್ಣಾರ, ಚರಗ ನಮ್ಮ ಪಟ್ಟ್ಯಾಗ ಬಿದ್ದೈತೆಲ್ಲರಿ?’

ಇದು ಜಗಳದ ದನಿಯಲ್ಲ, ನಗುವಿನ ಅಂಚಿನಲ್ಲೇ ಇದ್ದ ಮಾತು. ‘ಹೌದಲ್ಲೋ ಮಾಳ್ಯಾ, ಕಾಲು ತಪ್ಪಿತು’ ಎಂದಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಆದರೆ ಕಾಲು ತಪ್ಪಿದ್ದನ್ನು ಒಪ್ಪಿಕೊಳ್ಳುವ ನಾಲಿಗೆಯನ್ನು ದೇವರು ಹೊಲ ಉಳ್ಳವರಿಗೆ ಕೊಟ್ಟಿಲ್ಲ. ಬದುವೇ ಇಲ್ಲದ ಮೇಲೆ ಎಲ್ಲಿ ತಿರುಗಬೇಕೆಂದು ಹೇಗೆ ತಿಳಿಯಬೇಕು ಎಂದ ಕಾಕಾ. ಮಾಳಪ್ಪ ಕೊಚ್ಚಿಹೋದ ಬದುವಿನ ಕಡೆ ನೋಡಿದ. ಅಷ್ಟಕ್ಕೂ ಆ ನೆಲ ಹಸಿದು ಬಿದ್ದಿತ್ತು, ನೀನು ಬರುವುದು ತಡವಾಯಿತು, ಪಾಪ ಎನ್ನಿಸಿ ಉಣಿಸಿದೆ ಎಂದ ಕಾಕಾ. ಮಾಳಪ್ಪ ಇನ್ನೂ ನೋಡುತ್ತಿದ್ದ. ಹುಲ್ಲು ಬಿಟ್ಟು ನೆಲ ಹಾಳು ಮಾಡುವವರಿಗಿಂತ ಜೋಳ ಬಿತ್ತುವವರ ಕೈಯಲ್ಲಿ ಅದು ಚಲೋ ಇರುತ್ತದೆ ಎಂದ. ಕೊನೆಗೆ, ಬಾರೆಗಿಡ ಹಚ್ಚಿದವನು ತನ್ನ ಮುತ್ತ್ಯಾ ಎಂದೂ ಅಂದ. ಬಾರೆಗಿಡವನ್ನು ಯಾರೂ ಹಚ್ಚುವುದಿಲ್ಲ, ಅದು ತಾನೇ ಹುಟ್ಟುತ್ತದೆ ಎಂಬುದು ಅವನಿಗೂ ಗೊತ್ತು. ನಾನು ಬೆರಗಾಗಿ ನಿಂತಿದ್ದೆ. ಅನುಕಂಪ, ಅಭಿವೃದ್ಧಿ, ಪೂರ್ವಜರ ಹಕ್ಕು, ಹಣ್ಣು. ಪುಸ್ತಕದ ಒಂದು ಇಡೀ ಪ್ರಕರಣ ಟವಲು ಹೊದ್ದು ನನ್ನ ಮುಂದೆ ನಿಂತಿತ್ತು. ಮತ್ತು ಈ ಕಾರಣಗಳಲ್ಲಿ ಒಂದಾದರೂ ಕಾಲಿಡುವಾಗ ಅವನ ತಲೆಯಲ್ಲಿ ಇರಲಿಲ್ಲವೆಂದು ಹಿಂದೆಯೇ ಇದ್ದ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವನು ಹೋದದ್ದು ಯಾರೂ ತಡೆಯದ್ದರಿಂದ, ಮತ್ತು ಅವನ ಪ್ರತಿ ಕೂಗಿಗೂ ಹಿಂದಿನಿಂದ ಒಬ್ಬ ಓಗೊಡುತ್ತಿದ್ದುದರಿಂದ. ಕಾರಣಗಳೆಲ್ಲ ಆಮೇಲೆ ಬಂದವು, ಒಂದರ ಕೈ ಒಂದು ಹಿಡಿದುಕೊಂಡು.

‘ಅಂದ್ರ, ಪಟ್ಟಿ ನಿಮ್ಮದು ಅಂತೀರೇನ್ರಿ?’ ಎಂದ ಮಾಳಪ್ಪ. ಈಗ ದನಿಯ ಅಂಚಿನಲ್ಲಿ ನಗುವಿರಲಿಲ್ಲ.

‘ನಾ ಯಾಕ ಅನ್ಲಿ ಮಾಳಪ್ಪ? ಚರಗ ಸುತ್ತಿದಷ್ಟು ಹೊಲ ಅಂತ ಹಿರ್ಯಾರ ಅಂದಾರ.’

ಹಿರಿಯರು ಹಾಗೆ ಅಂದದ್ದು ಅದೇ ಕ್ಷಣದಲ್ಲಿ, ಕಾಕಾನ ಬಾಯಿಂದಲೇ. ಆದರೆ ‘ಮಾಳಪ್ಪ’ ಎಂಬ ಮಾತು ಬಿದ್ದಾಗಿತ್ತು. ಮಾಳಪ್ಪ ಹೋಗಿ, ಗಾಡಿಯ ನೊಗದ ಬದಿಗೆ ಕಟ್ಟಿದ್ದ ತನ್ನ ಎತ್ತನ್ನು ಬಿಚ್ಚಿದ. ಹೆಂಗಸರು ಎಲೆ ಹಾಕುತ್ತಿದ್ದವರು ಹಾಗೆಯೇ ಕೈ ನಿಲ್ಲಿಸಿದರು. ಅವನ ಹೆಂಡತಿ ತನ್ನ ಬುಟ್ಟಿಯ ಮೇಲೆ ಬಟ್ಟೆ ಮುಚ್ಚತೊಡಗಿದಳು. ನಮ್ಮ ಎತ್ತು ತಲೆ ಎತ್ತಿ ಒಮ್ಮೆ ಜೊತೆಯ ಎತ್ತನ್ನು ನೋಡಿತು, ಒಮ್ಮೆ ನಮ್ಮನ್ನು.

ನನಗೆ ನಿಜವಾಗಿ ಹೆದರಿಕೆಯಾಯಿತು. ನಗುವ ವಿಷಯ ಅಲ್ಲಿಗೆ ಮುಗಿದಿತ್ತು. ಆ ಎತ್ತು ಹೋದರೆ ನಮ್ಮ ಗಾಡಿ ಹೊಲದಲ್ಲೇ ಉಳಿಯುವುದು ದೊಡ್ಡ ಮಾತಲ್ಲ. ಇನ್ನು ಕೆಲವೇ ವಾರಗಳಲ್ಲಿ ಜೋಳ ಕೊಯ್ಯಬೇಕು, ಕಣಕ್ಕೆ ಸಾಗಿಸಬೇಕು, ಎತ್ತುಗಳಿಂದ ತೆನೆ ತುಳಿಸಲು ಹಂತಿ ಹೂಡಬೇಕು. ಎರಡೂ ಮನೆಗಳ ವರ್ಷದ ಅನ್ನ ಅಲ್ಲಿ ಎದೆಮಟ್ಟ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪಂದಿರ ಕಾಲದಿಂದ ಎಡಬಲವಾಗಿ ನಡೆದುಬಂದ ಎರಡು ಮನೆಗಳು ಒಂದು ಪಟ್ಟಿ ಹುಲ್ಲಿಗಾಗಿ ಬೇರೆಯಾಗುವುದನ್ನು ನಾನು ನೋಡುತ್ತ ನಿಂತಿದ್ದೆ. ಕಾಕಾನ ಮುಖದಲ್ಲೂ ಅದೇ ಹೆದರಿಕೆ ಕಂಡಿತು. ಆದರೆ ಸಾಮ್ರಾಜ್ಯಗಳ ತೊಂದರೆಯೇ ಅದು: ದಾಟುವಾಗ ಕಾಲು ಸಾಕು, ಹಿಂದೆ ಬರುವಾಗ ಮುಖ ಬೇಕು.

ಅಷ್ಟರಲ್ಲಿ ಬನ್ನಿಗಿಡದ ಬುಡದಿಂದ ಲಕ್ಕವ್ವ ಕೂಗಿದಳು. ಮಾಳಪ್ಪನ ತಾಯಿ. ಮಂಡಿನೋವಿನಿಂದ ನಡೆಯಲಾರದವಳು, ಗಾಡಿಯಲ್ಲಿ ಬಂದು ನೆರಳಿಗೆ ಕೂತವಳು, ಬಂದಾಗಿನಿಂದ ಕಡಬಿನ ಬುಟ್ಟಿಯ ಮೇಲಿಂದ ಕಣ್ಣು ಕಿತ್ತಿರಲಿಲ್ಲ. ‘ಏನ ನಡಸೀರ್ಯೋ ಅಲ್ಲಿ? ಹೊತ್ತು ನೆತ್ತಿಗಿ ಬಂತು’ ಎಂದಳು. ಯಾರೋ ಸಂಗತಿ ತಿಳಿಸಿದರು. ಅವಳು ಕಾಕಾನನ್ನು ಹತ್ತಿರ ಕರೆದಳು.

‘ಶಿವಲಿಂಗಾ, ಈ ಮಾಳ್ಯಾ ನನ್ನ ಹೊಟ್ಯಾಗ ಇದ್ದಾಗ ನಿಮ್ಮವ್ವ ಬುತ್ತಿ ಕಟಗೊಂಡ ಬಂದು ಉಣಿಸಿದ್ಳು. ಗೊತ್ತೈತಿಲ್ಲೋ?’

‘ಗೊತ್ತೈತಿ ಯವ್ವಾ.’

‘ಓಣ್ಯಾನವರೆಲ್ಲ ಉಣಿಸಿದ್ರು. ಉಣಿಸಿದವರೆಲ್ಲ ಬಂದು ಕೂಸು ನಮ್ಮದು ಅಂದ್ರೇನು? ನಿಮ್ಮವ್ವ ಅಂದ್ಳೇನು?’

‘ಅನ್ಲಿಲ್ಲ ಯವ್ವಾ.’

‘ಬಸರಿ ಅದಾಳ ಭೂಮಿತಾಯಿ. ನೀ ಉಣಿಸಿದಿ, ಚಲೋ ಆತು, ಪುಣ್ಯಾ ಬರ್ತೈತಿ. ಹೊಲ ಬರೂದಿಲ್ಲ’ ಎಂದವಳು ಮಗನ ಕಡೆ ತಿರುಗಿದಳು: ‘ನೀನೂ ಎತ್ತ ಕಟ್ಟು. ಬುಟ್ಟಿ ತಗೊಂಡ ಹೋಗಿ ಅವರ ಹೊಲದ ತುಂಬ ಉಣಿಸಿ ಬಾ. ಲಗೂನ ಹೋಗು, ನನಗ ಹಸಿವ್ಯಾಗೈತಿ.’

ಸಂಧಾನಗಳ ಇತಿಹಾಸದಲ್ಲಿ ಹಸಿವಿನ ಪಾತ್ರ ಏನೆಂದು ಯಾವ ಪುಸ್ತಕವೂ ಬರೆದಿಲ್ಲ. ಯುದ್ಧಕ್ಕೆ ಮಾತ್ರ ಕಾರಣ ಹುಡುಕುತ್ತಾರೆ, ಶಾಂತಿಗೆ ಹುಡುಕುವುದಿಲ್ಲ. ಅದು ಬಹಳ ಉದಾತ್ತವಾದ ಹೃದಯಗಳಿಂದ ಹುಟ್ಟುತ್ತದೆ ಎಂದು ನಂಬಿರುತ್ತಾರೆ. ನಾನು ಕಂಡ ಶಾಂತಿಯಲ್ಲಿ ಒಬ್ಬ ಮುದುಕಿಯ ಕಡಬಿನ ಆಸೆಯೂ ಇತ್ತು, ಒಂಟಿ ಎತ್ತಿನ ನಿರುಪಾಯವೂ ಇತ್ತು. ಇವು ಕೀಳು ಕಾರಣಗಳೆಂದು ನನಗೆ ಅನ್ನಿಸಲಿಲ್ಲ. ಲೋಕ ಒಳ್ಳೆಯದಾಗಲು ಎಲ್ಲರ ಮನಸ್ಸೂ ಮಡಿಯಾಗಬೇಕಿದ್ದರೆ ನಾವು ಇನ್ನೂ ಬಹಳ ಕಾಯಬೇಕಾಗುತ್ತಿತ್ತು. ನಮ್ಮನ್ನು ಆಳಿದವರೂ ನಿಮಗೆ ರೈಲು ಕೊಟ್ಟೆವು, ಸಾಲೆ ಕೊಟ್ಟೆವು, ಬುದ್ಧಿ ಕೊಟ್ಟೆವು ಎಂದು ಹೇಳುತ್ತಲೇ ಇದ್ದರಲ್ಲ; ಅವರ ನಡುವೆಯೂ ಒಬ್ಬಳು ಲಕ್ಕವ್ವ ಎದ್ದು, ಉಣಿಸಿದ್ದು ಪುಣ್ಯಕ್ಕೆ, ಹೊಲಕ್ಕಲ್ಲ ಎಂದು ಹೇಳಿದ್ದರೆ ಏನಾಗುತ್ತಿತ್ತೋ. ಒಬ್ಬಿಬ್ಬರು ಹೇಳಿರಲೂಬಹುದು. ಬನ್ನಿಗಿಡದಿಂದ ಬಾರೆಗಿಡಕ್ಕೆ ದನಿ ಮುಟ್ಟುತ್ತದೆ, ಅಷ್ಟು ಸಮುದ್ರ ದಾಟಿ ಮುಟ್ಟಿರಲಿಕ್ಕಿಲ್ಲ.

ಮಾಳಪ್ಪ ಎತ್ತು ಕಟ್ಟಿದ. ಚರಗದ ಬುಟ್ಟಿ ಎತ್ತಿಕೊಂಡ. ಆದರೆ ನಮ್ಮ ಹೊಲದ ಅಂಚಿಗೆ ಹೋಗಿ ನಿಂತವನಿಗೆ ಕಾಲು ಮುಂದೆ ಬರಲಿಲ್ಲ. ಕಾಕಾನ ಸ್ಥಿತಿ ಅದಕ್ಕಿಂತ ಕಷ್ಟದ್ದು. ಹುಲ್ಲಿನ ಪಟ್ಟಿಯನ್ನು ಬಿಟ್ಟುಕೊಡುವುದು ಒಂದು ಮಾತು. ತಾನು ಬಿತ್ತಿ ಬೆಳೆದ ಹೊಲವನ್ನು ಇನ್ನೊಬ್ಬ ಬುಟ್ಟಿ ಹಿಡಿದು ಸುತ್ತುವುದನ್ನು, ತಾವು ಮನೆಯಲ್ಲಿ ಉಣ್ಣದ ಅಡುಗೆ ತನ್ನ ಬೆಳೆಯ ಮೇಲೆ ಬೀಳುವುದನ್ನು ಕೂತು ನೋಡುವುದು ಇನ್ನೊಂದು. ಚರಗ ಸುತ್ತಿದಷ್ಟು ಹೊಲ ಎಂಬ ಹಿರಿಯರ ಮಾತು ಈಗ ತಾನೇ ಹೊಸದಾಗಿ ತಯಾರಾಗಿ ಗಾಳಿಯಲ್ಲಿ ಬಿಸಿಯಾಗಿಯೇ ಇತ್ತು. ಅವನ ಕೈ ಟವಲಿನ ತುದಿಯನ್ನು ಹಿಂಡುತ್ತಿದ್ದುದನ್ನು ನಾನು ನೋಡಿದೆ.

ಮಾಳಪ್ಪ ಒಂದು ಹಿಡಿ ಚೆಲ್ಲಿ ‘ಹುಲ್ಲುಲ್ಲಿಗ್ಯೋ’ ಎಂದ. ಕುರಿಗಳನ್ನು ಹಳ್ಳದಾಚೆಯಿಂದ ಕರೆಯಬಲ್ಲ ಗಂಟಲು ಅದು. ಅವತ್ತು ಜೋಳದ ಎಲೆಯ ಸಪ್ಪಳವೇ ಅದಕ್ಕಿಂತ ದೊಡ್ಡದಾಗಿತ್ತು. ಯಾರೂ ಓಗೊಡಲಿಲ್ಲ. ಚರಗಕ್ಕೆ ಓಗೊಡದಿರುವುದೆಂದರೆ ಉಣ್ಣಲು ಕೂತವರ ಮುಂದೆ ನೀರಿಡದಿದ್ದಂತೆ. ನಾನು ತಡೆಯಲಾರದೆ ತಂಬಿಗೆಗೆ ಕೈ ಹಾಕಿದೆ. ಕಾಕಿ ನನ್ನ ಮುಂಗೈ ಹಿಡಿದು, ‘ನೀ ಕುಂದ್ರು’ ಎಂದಳು, ಮೆಲ್ಲಗೆ, ಗಂಡನ ಕಡೆಗೇ ನೋಡುತ್ತ.

ಮಾಳಪ್ಪ ಎರಡು ಹೆಜ್ಜೆ ಇಟ್ಟು ಇನ್ನೊಮ್ಮೆ ಕೂಗಿದ. ಇನ್ನೂ ಸಣ್ಣ ದನಿ. ಅವನು ಬುಟ್ಟಿಯನ್ನು ಸೊಂಟದಿಂದ ಕೆಳಗಿಳಿಸಿದ.

ಕಾಕಾ ಎದ್ದ. ನನ್ನ ಮುಂದಿದ್ದ ತಂಬಿಗೆ ಕಸಿದುಕೊಂಡು, ಧೋತರದ ಚುಂಗು ಎತ್ತಿ ಸಿಕ್ಕಿಸಿ, ಆ ವಯಸ್ಸಿನಲ್ಲಿ ಓಡಬಾರದಷ್ಟು ಜೋರಾಗಿ ಓಡಿದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಮುಟ್ಟುವುದಕ್ಕೂ ಕಾಯಲಿಲ್ಲ, ನಡುದಾರಿಯಲ್ಲೇ ಬಾಯಿ ತೆರೆದು ‘ಸಲಾಂಬ್ರಿಗ್ಯೋ’ ಎಂದು ಕೂಗಿದ. ಮಾಳಪ್ಪ ತಿರುಗಿ ನೋಡಲಿಲ್ಲ. ಬುಟ್ಟಿಯನ್ನು ಮತ್ತೆ ಸೊಂಟಕ್ಕೇರಿಸಿದ. ಅವನ ಮುಂದಿನ ಕೂಗಿಗೆ ಹಳ್ಳದಾಚೆಯ ಕುರಿಗಳು ಉತ್ತರ ಕೊಟ್ಟವು.

ಇಬ್ಬರೂ ನಮ್ಮ ಹೊಲವನ್ನು ಪೂರ್ತಿ ಸುತ್ತಿದರು. ಮಾಳಪ್ಪನ ಕಡಬು ಬಿದ್ದಲ್ಲೆಲ್ಲ ಕಾಕಾ ನೀರು ಚಿಮುಕಿಸಿದ. ಕೊಚ್ಚಿಹೋದ ಬದುವಿನ ಜಾಗ ಬಂದಾಗ ಅವರು ನಿಲ್ಲುತ್ತಾರೆಂದು ನಾವೆಲ್ಲ ನೋಡುತ್ತಿದ್ದೆವು. ನಿಲ್ಲಲಿಲ್ಲ, ಹುಲ್ಲಿನ ಪಟ್ಟಿಗೆ ಇಳಿದು, ಬಾರೆಗಿಡ ದಾಟಿ, ಮಾಳಪ್ಪನ ಜೋಳದೊಳಗೆ ನಡೆದರು. ‘ಸುಡ್ಲಿ, ಇನ್ನೆಷ್ಟೊತ್ತು ಸುತ್ತತಾವ ಇವು?’ ಎಂದು ಲಕ್ಕವ್ವ ಗೊಣಗಿದಳು. ಕಾಕಿ ನಮ್ಮ ಬುಟ್ಟಿಯಿಂದ ಒಂದು ಕಡಬು ತೆಗೆದು ಅವಳ ಕೈಗಿಟ್ಟಳು. ಆಮೇಲೆ ಕೈ ಚಾಚಿ, ಲಕ್ಕವ್ವನ ಊಟದ ಬುಟ್ಟಿಯಿಂದ ಒಂದು ತಾನು ತೆಗೆದುಕೊಂಡಳು. ಯಾಕೆ ಎಂದು ನಾನು ಕೇಳಲಿಲ್ಲ. ತೆನೆಗಳ ಆಚೆ ಇಬ್ಬರೂ ಕಾಣದಾಗಿದ್ದರು; ಮಾಳಪ್ಪನ ಕೂಗು, ಅದರ ಹಿಂದೆಯೇ ನಮ್ಮ ಕಾಕಾನ ಮರುಕೂಗು, ಎರಡೇ ಕೇಳಿಸುತ್ತಿದ್ದವು.